ಅಕೆಲ್ಲೊ ನಮ್ಮ ಮನೆಯಲ್ಲಿದ್ದ ವರ್ಷ

ಹೋದ ತಿಂಗಳು ಇಲವಾಲದಲ್ಲಿ ಹೆಂಗಸರ ಸ್ವಸಹಾಯ ಸಂಘವೊಂದರ ಶೆಡ್ಡಿಗೆ ಹೋಗಿದ್ದೆ. ಅವರು ಮಕ್ಕಳಿಗೆಂದು ರಾಗಿ ಹಿಟ್ಟು ಮಾಡಿ ಮಾರುತ್ತಾರೆ. ಮಳೆಗಾಲಕ್ಕೆ ಮುಂಚೆ ಒಂದಿಷ್ಟು ಸಲಹೆ ಬೇಕೆಂದು ಕರೆದಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ ಮೊಳಕೆ ಬಂದ ರಾಗಿಯನ್ನು ಸಣ್ಣ ಉರಿಯಲ್ಲಿ ಬಾಡಿಸುವ ವಾಸನೆ ಮೂಗಿಗೆ ಬಂತು. ಹಸಿ ಹುಲ್ಲಿನಂಥ ವಾಸನೆ ಅದು, ಬಿಸಿಯೇರಿದ ಹಾಗೆ ಬೆಲ್ಲದ ಕಡೆಗೆ ತಿರುಗುತ್ತದೆ. ಯಾರೋ "ಬನ್ನಿ ಮೇಡಂ, ಕೂತ್ಕೊಳಿ" ಎಂದು ಕುರ್ಚಿ ಎಳೆದರು. ಕೂತೆ. ಅವರು ಹೇಳುತ್ತಿದ್ದುದು ಸ್ವಲ್ಪ ಹೊತ್ತು ಕಿವಿಗೇ ಬೀಳಲಿಲ್ಲ. ಮನಸ್ಸು ಗೋಕುಲಂನ ನಮ್ಮ ಮನೆಯ ಮಹಡಿ ರೂಮಿಗೆ, ಅಕೆಲ್ಲೊ ಅಲ್ಲಿದ್ದ ಆ ವರ್ಷಕ್ಕೆ ಹೋಗಿಬಿಟ್ಟಿತ್ತು.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿದ್ದ ಕಾಲ. ನನಗಾಗ ಇಪ್ಪತ್ತೊಂಬತ್ತು. ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದೆ. ಮದುವೆಯಾದ ವರ್ಷ ಅದು ಹಾಗೇ ನಿಂತುಹೋಯಿತು. ಆಮೇಲೆ ಊರಿನ ಸಂಶೋಧನಾಲಯವೊಂದರಲ್ಲಿ ತಾತ್ಕಾಲಿಕ ಸಹಾಯಕಿಯ ಕೆಲಸ ಸಿಕ್ಕಿತು. ಬೇರೆಯವರ ಪ್ರಯೋಗಗಳಿಗೆ ದ್ರಾವಣ ಮಾಡಿಕೊಡುವುದು, ಅಳತೆ ನೋಡಿ ಬರೆಯುವುದು, ಗಾಜಿನ ಸಾಮಾನು ಒಡೆಯದಂತೆ ಕಾಯುವುದು. ಬೇಸರವೇನೂ ಇರಲಿಲ್ಲ. ಬೆಳಿಗ್ಗೆ ಡಬ್ಬಿ ಹಿಡಿದು ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವ ಕೆಲಸ, ಯಾರೂ ಬೇಡ ಅನ್ನದ ಕೆಲಸ. ನನ್ನ ಗಂಡ ಮಹದೇವ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ಇದ್ದರು. ಮನೆಯಲ್ಲಿ ನಾವಿಬ್ಬರು, ನಮ್ಮತ್ತೆ ಗೌರಮ್ಮ.

ಅತ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಮಾವ ಸಂತೇಪೇಟೆಯಲ್ಲಿ ಕಾಳುಕಡ್ಡಿಯ ವ್ಯಾಪಾರ ಮಾಡುತ್ತಿದ್ದವರು. ಅವರು ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಪೂರ್ತಿ ಅತ್ತೆಯದು. ಸ್ನಾನ ಮಾಡಿ, ವಿಭೂತಿ ಇಟ್ಟು, ಲಿಂಗಪೂಜೆ ಮುಗಿಸದೆ ಕಾಫಿ ಕೂಡ ಮುಟ್ಟುತ್ತಿರಲಿಲ್ಲ. ಮಾತು ಸ್ವಲ್ಪ ಖಾರ. ಹೇಳಬೇಕಾದ್ದನ್ನು ಒಮ್ಮೆ ಹೇಳುವರು, ಎರಡನೇ ಸಲ ಕೇಳಿದರೆ "ಕಿವಿ ಎಲ್ಲಿಟ್ಟಿದ್ದೆ?" ಅನ್ನುವರು.

ನಮ್ಮ ವಿಭಾಗದ ಮುಖ್ಯಸ್ಥೆ ರುಕ್ಮಿಣಿ ಮೇಡಂ ಆ ಜನವರಿಯಲ್ಲಿ ನನ್ನನ್ನು ಕರೆದು, "ಶೈಲಜಾ, ಉಗಾಂಡಾದಿಂದ ಒಬ್ಬರು ಬರ್ತಿದಾರೆ. ಒಂದು ವರ್ಷ ನನ್ನ ಹತ್ತಿರ ಕೆಲಸ ಮಾಡ್ತಾರೆ. ಹಾಸ್ಟೆಲಲ್ಲಿ ಜಾಗ ಇಲ್ಲ, ನಿಮ್ಮ ಗೋಕುಲಂ ಕಡೆ ಒಂದು ರೂಮು ನೋಡು" ಅಂದರು. ನಮ್ಮಂಥ ದೇಶಗಳ ಹೆಣ್ಣುಮಕ್ಕಳು ಹೊರದೇಶಕ್ಕೆ ಹೋಗಿ ವಿಜ್ಞಾನ ಓದಲಿ ಎಂದು ಕೊಡುವ ಫೆಲೋಶಿಪ್ ಅಂತೆ. ಹೊರದೇಶ ಎಂದರೆ ನಾನು ಅಲ್ಲಿಯವರೆಗೆ ಇಂಗ್ಲೆಂಡು, ಅಮೆರಿಕಾ, ಜರ್ಮನಿ ಎಂದೇ ತಿಳಿದಿದ್ದೆ. ನಮ್ಮ ಮೈಸೂರೂ ಯಾರಿಗೋ ಹೊರದೇಶವಾಗಬಹುದು ಎಂದು ಹೊಳೆದಿರಲೇ ಇಲ್ಲ.

ಸಂಕ್ರಾಂತಿಯ ಮಾರನೇ ದಿನ ಅವಳು ಬಂದಳು. ಎತ್ತರದ ಹೆಂಗಸು, ಗುಂಡು ಮುಖ, ನಕ್ಕರೆ ಎದುರಿನವರೂ ನಗಬೇಕು ಅಂಥ ನಗು. ಹೆಸರು ಅಕೆಲ್ಲೊ. ವಯಸ್ಸು ಹೆಚ್ಚುಕಡಿಮೆ ನನ್ನದೇ. ಅವಳೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು, ಗಂಡ ಶಾಲಾ ಮೇಷ್ಟ್ರು, ಐದು ವರ್ಷದ ಮಗನನ್ನು ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು.

ಗೋಕುಲಂನಲ್ಲಿ ಆಗ ಯೋಗ ಕಲಿಯಲು ಬರುವ ವಿದೇಶಿಯರು ಹೆಚ್ಚುತ್ತಿದ್ದರು. ರೂಮು ಸುಲಭವಾಗಿ ಸಿಗುತ್ತದೆ ಅಂದುಕೊಂಡಿದ್ದೆ. ಮೊದಲನೇ ಮನೆಯವರು ಫೋನಿನಲ್ಲಿ ಒಪ್ಪಿಕೊಂಡಿದ್ದವರು, ಅವಳನ್ನು ಕಂಡ ಮೇಲೆ "ನಮ್ಮ ಭಾವನ ಮಗ ಬರ್ತಾನಂತೆ" ಅಂದರು. ಎರಡನೇ ಮನೆಯಲ್ಲಿ ಗೇಟನ್ನೇ ತೆಗೆಯಲಿಲ್ಲ. ಅಕೆಲ್ಲೊಗೆ ಕನ್ನಡ ಬಾರದು, ಆದರೆ ಇಂಥ ಮಾತು ತಿಳಿಯಲು ಕನ್ನಡ ಬೇಕಾಗಿರಲಿಲ್ಲ. "ಪರವಾಗಿಲ್ಲ, ಇನ್ನೊಂದು ನೋಡೋಣ" ಎಂದು ಇಂಗ್ಲಿಷಿನಲ್ಲಿ ಹೇಳಿ ತಾನೇ ನನ್ನ ಭುಜ ತಟ್ಟಿದಳು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯದೆ, ಕಾಫಿಯಾದರೂ ಕುಡಿಯಲಿ ಎಂದು ಮನೆಗೆ ಕರೆತಂದೆ.

ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಫಾರಿನ್ನವರು ಬತ್ತಾರೆ ಅಂದಿದ್ಯಲ್ಲೇ?"

"ಹೌದತ್ತೆ. ಉಗಾಂಡಾ. ಆಫ್ರಿಕಾದಲ್ಲಿದೆ."

"ಅದೂ ಫಾರಿನ್ನೇನೇ?"

"ಹೌದು."

ಅತ್ತೆ ಹಾಲು ಉಕ್ಕದಂತೆ ಉರಿ ತಗ್ಗಿಸಿದರು. "ಏನು ಓದಕ್ಕೆ ಬಂದಿರೋದು?"

"ರಾಗಿ."

"ರಾಗೀನಾ?" ಅತ್ತೆ ತಿರುಗಿ ನಿಂತರು. "ರಾಗಿ ಓದಕ್ಕೆ ಅಷ್ಟು ದೂರದಿಂದ ಬಂದವ್ಳಾ? ಮತ್ತೆ ಯಾರೂ ಮನೆ ಕೊಡ್ಲಿಲ್ವಾ?"

"ಇಲ್ಲ."

"ಮಹಡಿ ರೂಮು ಖಾಲಿ ಬಿದ್ದೈತೆ. ಅಲ್ಲೇ ಇರ್ಲಿ. ಆದ್ರೆ ಈಗ್ಲೇ ಹೇಳ್ಬುಡು, ಮನೇಲಿ ಮಾಂಸ ಗೀಂಸ ಬೇಯ್ಸಂಗಿಲ್ಲ."

ಹೇಳಿದೆ. ಅಕೆಲ್ಲೊ ತಲೆಯಾಡಿಸಿ ಒಪ್ಪಿದಳು. ಅತ್ತೆ ಎಳ್ಳುಬೆಲ್ಲದ ಡಬ್ಬಿ ತಂದು ಅವಳ ಕೈತುಂಬ ಸುರಿದರು. ಅವಳು ಬಾಯಿಗೆ ಹಾಕಿಕೊಂಡು, ಎಳ್ಳು ತಮ್ಮೂರಲ್ಲೂ ದಿನಾ ಬೇಕೇ ಬೇಕು ಅಂದಳು.

ಸಂಜೆ ಪಾಳಿ ಮುಗಿಸಿ ಬಂದ ಮಹದೇವ ಹೆಸರು ಕೇಳಿ ನಕ್ಕುಬಿಟ್ಟರು. "ಅಕ್ಕ ಎಲ್ಲೋ ಅಂದ್ರೆ, ಮಹಡಿ ಮೇಲವ್ರೆ ಅನ್ಬೇಕಾ?" ಅರ್ಥ ಬಿಡಿಸಿ ಹೇಳಿದಾಗ ಅಕೆಲ್ಲೊಗೂ ನಗು ತಡೆಯಲಾಗಲಿಲ್ಲ. ಅಂದಿನಿಂದ ಅವಳು ಮೆಟ್ಟಿಲಿಳಿದು ಬರುವಾಗಲೆಲ್ಲ "ಅಕ್ಕ ಇಲ್ಲಿ!" ಎಂದು ಕೂಗುವುದು ರೂಢಿಯಾಯಿತು. ಅವಳು ಕಲಿತ ಮೊದಲ ಕನ್ನಡ ಅದೇ.

ಆ ರಾತ್ರಿಯ ಊಟಕ್ಕೆ ಮುದ್ದೆ, ಬಸ್ಸಾರು. ಅತ್ತೆ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೋಲಿನಿಂದ ತಿರುವುವುದನ್ನು ಅಕೆಲ್ಲೊ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಕ್ವೋನ್!" ಎಂದು ಕೂಗಿದಳು. ಅವಳ ತಾಯಿಯೂ ಹೀಗೇ ಮಾಡುತ್ತಾಳಂತೆ. ಹೆಸರು ಮಾತ್ರ ಬೇರೆ, ಗುಂಡಗೆ ಕಟ್ಟುವುದಿಲ್ಲ, ಅಷ್ಟೇ. ಅವಳು ಮುರಿದು ಅಗಿಯತೊಡಗಿದಾಗ ಅತ್ತೆ ಹೌಹಾರಿದರು. "ಅಗೀಬಾರ್ದು ಅಂತ ಹೇಳೇ, ನುಂಗ್ಬೇಕು!" ಅಕೆಲ್ಲೊ ಕೊನೆಯವರೆಗೂ ನುಂಗಲು ಕಲಿಯಲಿಲ್ಲ. ಅತ್ತೆ ಕೊನೆಯವರೆಗೂ ಹೇಳುವುದನ್ನು ಬಿಡಲಿಲ್ಲ.

ಅವಳ ಕೆಲಸ ಹೀಗೆ. ಅವರ ಕಡೆ ಹಾಲು ಬಿಡಿಸಿದ ಮಕ್ಕಳಿಗೆ ಕೊಡುವುದು ರಾಗಿ ಗಂಜಿ. ಹಿಟ್ಟು ಹೆಚ್ಚು ಹಾಕಿದರೆ ಗಂಜಿ ಗಟ್ಟಿಯಾಗಿ ಮಗು ನುಂಗುವುದಿಲ್ಲ. ನೀರು ಹೆಚ್ಚು ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ರಾಗಿಗೆ ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡಿದರೆ, ಎಷ್ಟು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ಇದು ನಮ್ಮಲ್ಲಿ ಗೊತ್ತಿದ್ದ ಸಂಗತಿ. ಅವಳ ತೊಂದರೆ ಬೇರೆ. ಅವಳೂರಿನಲ್ಲಿ ವರ್ಷದ ಬಹುಪಾಲು ಮಳೆ. ಮಳೆಯಲ್ಲಿ ಮೊಳಕೆ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ಮಕ್ಕಳಿಗೆ ವಿಷ. ಬೂಷ್ಟು ಬಾರದ ದಾರಿಯನ್ನು ಹುಡುಕಬೇಕು, ಅದೂ ಮನೆಯ ಒಲೆಯಲ್ಲೇ ಆಗುವಂಥ ದಾರಿ. ಅದಕ್ಕೆ ಬೇಸಿಗೆಯ ಪ್ರಯೋಗ ಒಂದು, ಮಳೆಗಾಲದ್ದು ಇನ್ನೊಂದು. ಅವಳ ಕೈಯಲ್ಲಿದ್ದುದು ಮೈಸೂರಿನ ಒಂದೇ ಒಂದು ಮಳೆಗಾಲ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಸಾರಿಗೆ ಇಂಗಿನ ಒಗ್ಗರಣೆ ಕೊಟ್ಟರು. ಪಕ್ಕದಲ್ಲಿದ್ದ ಅಕೆಲ್ಲೊ ಸೆರಗು ಇದ್ದಿದ್ದರೆ ಮುಚ್ಚಿಕೊಳ್ಳುತ್ತಿದ್ದಳೋ ಏನೋ, ಅಂಗೈಯಲ್ಲಿ ಮೂಗು ಮುಚ್ಚಿ ಹಿತ್ತಲಿಗೆ ಓಡಿದಳು. ಅತ್ತೆ ಸೌಟು ಕೆಳಗಿಟ್ಟರು.

"ಇವ್ಳು ಬಸುರಿ ಕಣೇ."

"ಏನತ್ತೆ ನೀವು! ಇಂಗು ಒಗ್ಗಿಲ್ಲ ಅಷ್ಟೇ."

"ಮೂರು ತಿಂಗ್ಳಿಂದ ನನ್ನ ಒಗ್ಗರಣೆ ಉಂಡವ್ಳೆ. ಎಷ್ಟು ತಿಂಗಳು ಅಂತ ಕೇಳೋಗು."

ಕೇಳಿದೆ. ಅಕೆಲ್ಲೊ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟಳು. ಅಷ್ಟು ದಿನದಲ್ಲಿ ಅವಳು ಅತ್ತಿದ್ದನ್ನು ನಾನು ನೋಡಿರಲಿಲ್ಲ, ಮನೆ ಕೊಡದವರ ಗೇಟಿನ ಮುಂದೆಯೂ ಅತ್ತಿರಲಿಲ್ಲ. ಊರು ಬಿಡುವ ಮುಂಚೆಯೇ ಗರ್ಭ ನಿಂತಿತ್ತು. ಇಲ್ಲಿಗೆ ಬಂದ ಮೇಲೆ ತಿಳಿಯಿತು. ಗಂಡನಿಗೂ ಹೇಳಿರಲಿಲ್ಲ.

"ಹೇಳಿದರೆ ಟಿಕೆಟ್ ಕೊಟ್ಟು ವಾಪಸ್ ಕಳಿಸುತ್ತಾರೆ, ಶೈಲಾ. ನಮ್ಮ ಕಾಲೇಜಿನಿಂದ ಈ ಫೆಲೋಶಿಪ್ ಸಿಕ್ಕ ಮೊದಲ ಹೆಂಗಸು ನಾನು. ನಾನು ಹೊಟ್ಟೆ ಹೊತ್ತುಕೊಂಡು ಅರ್ಧಕ್ಕೇ ಬಂದೆ ಎಂದರೆ ಅಲ್ಲಿನ ಗಂಡಸರು ಏನನ್ನುತ್ತಾರೆ ಗೊತ್ತಾ? ನೋಡಿ, ಹೆಂಗಸರಿಗೆ ಕೊಟ್ಟರೆ ಹೀಗೇ ಎನ್ನುತ್ತಾರೆ. ನನ್ನ ಹಿಂದೆ ಇನ್ನೂ ಇಬ್ಬರು ಹುಡುಗಿಯರು ಅರ್ಜಿ ಹಾಕಲು ಕಾಯುತ್ತಿದ್ದಾರೆ."

ನಾನು ಅದನ್ನು ಕನ್ನಡದಲ್ಲಿ ಅತ್ತೆಗೆ ಹೇಳಿದೆ. ಅವರು ಕೇಳಿಸಿಕೊಂಡು, "ಅದೆಲ್ಲ ಆಮೇಲೆ. ಮೊದ್ಲು ಅವ್ಳ ಗಂಡಂಗೆ ಹೇಳ್ಬೇಕು. ಎದ್ದೇಳು ಅನ್ನು, ಕಲ್ಲು ತಣ್ಣಗೈತೆ" ಅಂದರು.

ಮೂವರೂ ಮೂಲೆಯ ಐ.ಎಸ್.ಡಿ. ಬೂತಿಗೆ ಹೋದೆವು. ಗಾಜಿನ ಗೂಡಿನೊಳಗೆ ಅಕೆಲ್ಲೊ ಅವಳ ಭಾಷೆಯಲ್ಲಿ ಮಾತಾಡಿದಳು, ಆಮೇಲೆ ಬಹಳ ಹೊತ್ತು ಫೋನಿಗೆ ಕಿವಿಗೊಟ್ಟು ನಿಂತಳು, ಆಮೇಲೆ ನಕ್ಕಳು. ಹೊರಗೆ ಬಂದಾಗ ಮುಖ ತೊಳೆದ ಹಾಗಿತ್ತು. ಗಂಡ ಹೇಳಿದ್ದು ಇಷ್ಟೇ: ಮಗು ಬರುವುದನ್ನು ಮುಂದಕ್ಕೆ ಹಾಕಲಾಗುವುದಿಲ್ಲ, ಓದನ್ನು ನೀನು ಬಿಡಬೇಡ, ನಡುವೆ ಏನು ಮಾಡಬೇಕೋ ಅಲ್ಲಿಯವರನ್ನು ಕೇಳು.

ಅಲ್ಲಿಯವರು ಎಂದರೆ ರುಕ್ಮಿಣಿ ಮೇಡಂ. ಮದುವೆಯಾಗದವರು, ನಿವೃತ್ತಿಗೆ ಹತ್ತಿರ ಬಂದಿದ್ದವರು, ನಗುವುದು ಅಪರೂಪ. ಇಬ್ಬರೂ ಅವರ ಕೋಣೆಗೆ ಹೋದೆವು. ಅಕೆಲ್ಲೊ ಸುತ್ತಿಬಳಸದೆ ಹೇಳಿದಳು. ಮೇಡಂ ಕನ್ನಡಕ ತೆಗೆದರು.

"ಮೂರು ತಿಂಗಳು ಮುಚ್ಚಿಟ್ಟಿದ್ದೆಯಾ? ಯಾವ ಯಾವ ದ್ರಾವಣದ ಪಕ್ಕ ನಿಂತಿದ್ದೆ ಅಂತ ಗೊತ್ತಾ ನಿನಗೆ? ಬಯೋಕೆಮಿಸ್ಟ್ರಿ ಓದಿದವಳಲ್ಲವಾ ನೀನು?" ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಇವತ್ತೇ ಇವಳ ಟೇಬಲ್ ಕಿಟಕಿ ಹತ್ತಿರ ಹಾಕಿಸು. ಕ್ಲೋರೋಫಾರ್ಮ್ ಕೆಲಸ ಎಲ್ಲ ಇನ್ಮೇಲೆ ನೀನು ಮಾಡು" ಅಂದರು.

ಅಷ್ಟು ಹೇಳಿದ ಮೇಲೆಯೇ ಅವರು ಫೆಲೋಶಿಪ್ ಕೊಟ್ಟ ಕಚೇರಿಗೆ ಪತ್ರ ಬರೆಯಲು ಕೂತದ್ದು. ಇವಳು ಇಲ್ಲೇ ಇರಲಿ, ಹೆರಿಗೆಗೆ ರಜ ಕೊಡಿ, ಅಷ್ಟು ತಿಂಗಳು ಅವಧಿ ಮುಂದೆ ಹಾಕಿ ಎಂದು ಬರೆದರು. ಉತ್ತರ ಬರುವವರೆಗಿನ ವಾರಗಳು ಕಷ್ಟವಾದವು. ಅಕೆಲ್ಲೊ ದಿನವೂ ಮೇಡಂ ಬಾಗಿಲ ಕಡೆ ನೋಡುವಳು, ಮೇಡಂ ಏನೂ ಬಂದಿಲ್ಲವೆಂದು ತಲೆಯಾಡಿಸುವರು.

ಅತ್ತೆ ಮಾತ್ರ ಯಾರ ಉತ್ತರಕ್ಕೂ ಕಾಯಲಿಲ್ಲ. ಸಬ್ಬಸಿಗೆ ಸೊಪ್ಪು ತರಿಸಿದರು, ನುಗ್ಗೆಸೊಪ್ಪು ತರಿಸಿದರು, ಹಳೇ ಹತ್ತಿ ಸೀರೆಗಳನ್ನು ತೊಳೆದು ಮಡಿಸಿಟ್ಟರು. ಎದುರುಮನೆಯ ಸರೋಜಮ್ಮ ಒಂದು ಸಂಜೆ ಗೇಟಿನ ಹತ್ತಿರ ನಿಂತು ಕೇಳಿದರು.

"ಗೌರಮ್ಮನೋರೆ, ಬಾಣಂತನನೂ ನೀವೇ ಮಾಡ್ತೀರಂತೆ? ಯಾವ ದೇಶದೋಳೋ ಏನೋ."

"ಅವ್ಳ ತಾಯಿ ಇಲ್ಲಿಗಂಟ ಬರಕ್ಕಾಗಲ್ಲ ಕಣ್ರೀ. ನಿಮ್ಮ ಮಗಳು ದುಬೈನಲ್ಲಿ ಹೆತ್ತಾಗ ಯಾರು ನೋಡ್ಕೊಂಡ್ರು?"

"ಪಕ್ಕದ ಮನೇಲಿ ಯಾರೋ ಕೇರಳದೋರಿದ್ರು. ಪಾಪ, ಅವ್ರೇ ನೋಡ್ಕೊಂಡ್ರು."

"ಹಂಗೇ ಅಂದ್ಕಳಿ."

ಮುಂದೆ ಏಳನೇ ತಿಂಗಳಲ್ಲಿ ಅತ್ತೆ ಅಕೆಲ್ಲೊಗೆ ಹಸಿರು ಬಳೆ ತೊಡಿಸಿದ ದಿನ, ಮಲ್ಲಿಗೆ ದಿಂಡು ತಂದು ಅವಳ ಗಿಡ್ಡ ಕೂದಲಿಗೆ ಹೇಗೆ ಮುಡಿಸುವುದೆಂದು ತಿಳಿಯದೆ ಕೊನೆಗೆ ಕಿವಿಯ ಮೇಲಿಂದ ಪಿನ್ನು ಹಾಕಿ ಸಿಕ್ಕಿಸಿದವರು ಈ ಸರೋಜಮ್ಮನೇ.

ಮೇ ಕೊನೆಯಲ್ಲಿ ಉತ್ತರ ಬಂತು. ಮೂರು ತಿಂಗಳ ರಜ ಸಿಕ್ಕಿತ್ತು, ಅವಧಿಯೂ ಮುಂದೆ ಹೋಗಿತ್ತು. ಒಂದೇ ಒಂದು ತೊಡಕು. ವಿಸ್ತರಣೆ ಈ ಒಂದು ಸಲಕ್ಕೆ ಮಾತ್ರ, ಮಳೆಗಾಲದ ಪ್ರಯೋಗ ಈ ಮಳೆಗಾಲದಲ್ಲೇ ಮುಗಿಯಬೇಕು. ಹೆರಿಗೆಯ ತಿಂಗಳೂ ಜೋರು ಮಳೆಯ ತಿಂಗಳೂ ಒಂದೇ. ಮೇಡಂ ನನ್ನನ್ನು ನೋಡಿದರು.

"ಶೈಲಜಾ, ನಿನ್ನ ಪಿಎಚ್.ಡಿ. ರಿಜಿಸ್ಟ್ರೇಷನ್ ಏನಾಯ್ತು?"

"ಬಿಟ್ಟೆ ಮೇಡಂ. ಮದುವೆ ಆಯ್ತಲ್ಲ."

"ಮದುವೆಗೂ ಅದಕ್ಕೂ ಏನು ಸಂಬಂಧ?" ಉತ್ತರಕ್ಕೆ ಕಾಯದೆ ಮುಂದುವರಿಸಿದರು. "ಇವಳು ರಜದಲ್ಲಿರೋವಾಗ ಈ ಪ್ರಯೋಗ ನೀನು ಮಾಡು. ಬರೀ ಅಳತೆ ಬರೆಯೋದಲ್ಲ, ಯೋಚನೆ ಮಾಡಿ ಮಾಡು."

ಆಗಸ್ಟ್ ಮುಗಿಯುವವರೆಗೂ ಅಕೆಲ್ಲೊ ಬಂದಳು. ಸ್ಟೂಲಿನ ಮೇಲೆ ಕೂತು, ಉಬ್ಬಿದ ಹೊಟ್ಟೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದಳು. ಕೊಳವೆ ಎತ್ತಿದಾಗಲೆಲ್ಲ ಬಳೆ ಸದ್ದಾಗುತ್ತಿತ್ತು. ಆದರೆ ಕೆಲಸ ಸರಿಬರಲಿಲ್ಲ. ಒದ್ದೆ ಬಟ್ಟೆಯಲ್ಲಿ ಕಟ್ಟಿದ ರಾಗಿ ಚೆನ್ನಾಗಿ ಮೊಳೆಯುತ್ತಿತ್ತು, ಒಣಗಿಸುವ ಹೊತ್ತಿಗೆ ಅಂಚಿನಲ್ಲಿ ಬೂದುಬಣ್ಣದ ನವಿರು ಕಾಣಿಸುತ್ತಿತ್ತು. ಎಸೆದೆವು, ಮತ್ತೆ ಕಟ್ಟಿದೆವು, ಮತ್ತೆ ಎಸೆದೆವು. ಜಿಟಿಜಿಟಿ ಮಳೆ ನಿಲ್ಲಲೇ ಇಲ್ಲ. ರಜದ ಹಿಂದಿನ ದಿನ ಅವಳು ಬೂಷ್ಟು ಹಿಡಿದ ತಟ್ಟೆಯನ್ನು ನನ್ನ ಕೈಗಿಟ್ಟು, "ಇದು ಈಗ ನಿನ್ನದು. ನನ್ನ ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ಇದನ್ನು ನೀನು ನೋಡಿಕೋ" ಅಂದಳು.

ಸೆಪ್ಟೆಂಬರ್ ಕೊನೆಯಲ್ಲಿ, ದಸರೆಗೆಂದು ಬೀದಿಬೀದಿಗೆ ದೀಪದ ಸರ ಕಟ್ಟುತ್ತಿದ್ದಾಗ, ಒಂದು ಮಧ್ಯಾಹ್ನ ಅವಳಿಗೆ ನೋವು ಶುರುವಾಯಿತು. ಹೊರಗೆ ಧೋ ಎಂದು ಮಳೆ. ಮಹದೇವ ಆಟೋ ತಂದರು. ಆಟೋದಲ್ಲಿ ನಮ್ಮಿಬ್ಬರ ನಡುವೆ ಕೂತ ಅಕೆಲ್ಲೊ ಅತ್ತೆಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಆಸ್ಪತ್ರೆಗೆ ಬಂದಾಗ ಅತ್ತೆಯ ಬೆರಳುಗಳು ಬೆಳ್ಳಗಾಗಿದ್ದವು. ದಾಖಲು ಮಾಡಿಕೊಳ್ಳುವ ನರ್ಸ್ "ಜೊತೆಗೆ ಯಾರು ಬಂದಿದೀರಿ?" ಎಂದು ಕೇಳಿದಾಗ ಅತ್ತೆ "ನಾನು" ಅಂದರು. "ಏನಾಗ್ಬೇಕು?" ಅಂದಾಗ ಮತ್ತೆ "ನಾನು" ಅಂದರು, ಅಷ್ಟೇ.

ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಮಳೆ ಬರುವಾಗ ಹುಟ್ಟಿದ ಹೆಣ್ಣುಮಕ್ಕಳಿಗೆ ಅವರಲ್ಲಿ ಅಕೋಟ್ ಎಂದು ಹೆಸರಿಡುವುದಂತೆ, ಬೇರೆ ಹೆಸರು ಹುಡುಕುವ ಗೋಜೇ ಇರಲಿಲ್ಲ. ಅತ್ತೆಯ ಬಾಯಲ್ಲಿ ಅದು ಅಕ್ಕು ಆಯಿತು. ಮನೆಗೆ ಕರೆತಂದ ದಿನ ಅತ್ತೆ ವಿಭೂತಿ ಗಟ್ಟಿ ಹಿಡಿದು ಬಾಗಿಲಲ್ಲೇ ನಿಂತರು. "ಅವ್ಳು ಚರ್ಚಿಗೆ ಹೋಗೋಳು. ಹಚ್ಲಾ ಅಂತ ಕೇಳು." ಅಕೆಲ್ಲೊ ಮಗುವಿನ ಹಣೆಯ ಟೋಪಿ ಸರಿಸಿ ಮುಂದೆ ಹಿಡಿದಳು.

ಬಾಣಂತನ ಶುರುವಾಯಿತು. ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಎಣ್ಣೆ ತಿಕ್ಕಿ ಕುದಿಯುವ ನೀರು, ಸಾಂಬ್ರಾಣಿ ಹೊಗೆ. ಅಕೆಲ್ಲೊ ಮೊದಲೆರಡು ವಾರ ಬಾಯ್ಮುಚ್ಚಿ ಎಲ್ಲ ಅನುಭವಿಸಿದಳು. ಮೂರನೇ ವಾರ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: ಅವರಲ್ಲಿ ಹೆತ್ತವಳಿಗೆ ಕೋಳಿ ಸಾರು ಕೊಡುತ್ತಾರೆ, ಒಂದು ಲೋಟ ಸಿಕ್ಕರೆ ಸಾಕು, ಈ ಮೆಣಸಿನ ನೀರು ಇನ್ನು ಗಂಟಲಲ್ಲಿ ಇಳಿಯದು. ಮಹದೇವ ಪಾಳಿಯಿಂದ ಬರುವಾಗ ಮಿಲಿಟರಿ ಹೋಟೆಲಿನಿಂದ ಮುಚ್ಚಳದ ಡಬ್ಬಿಯಲ್ಲಿ ತಂದರು. ಅವಳು ತಾರಸಿಯಲ್ಲಿ ನೀರಿನ ಟ್ಯಾಂಕಿನ ಮರೆಗೆ ಕೂತು ಕುಡಿದಳು. ಕಳ್ಳರ ಹಾಗೆ ನಾನು ಮೆಟ್ಟಿಲ ಬಾಯಲ್ಲಿ ಕಾವಲು. ಕೆಳಗಿಳಿದಾಗ ಅತ್ತೆ ತೊಟ್ಟಿಲು ತೂಗುತ್ತ, ನಮ್ಮ ಕಡೆ ನೋಡದೆಯೇ ಹೇಳಿದರು: "ಮನೇಲಿ ಬೇಯ್ಸಿಲ್ಲ ತಾನೆ? ಹಂಗಾದ್ರೆ ಸರಿ. ಸೋಪ್ ಹಾಕಿ ಕೈ ತೊಳ್ಕೊಂಡು ಮಗೂನ ಮುಟ್ಟಕ್ಕೇಳು." ಆಮೇಲೆ ವಾರಕ್ಕೊಂದು ಸಲ ಡಬ್ಬಿ ತಪ್ಪದೆ ಬಂತು, ಯಾರೂ ಅದರ ಮಾತೆತ್ತಲಿಲ್ಲ.

ಇತ್ತ ಲ್ಯಾಬಿನಲ್ಲಿ ನಾನೊಬ್ಬಳೇ. ಮೊದಲ ಬಾರಿಗೆ ಒಂದು ಪ್ರಶ್ನೆ ನನ್ನ ತಲೆಯೊಳಗೇ ಮನೆ ಮಾಡಿತ್ತು. ಬಸ್ಸಿನಲ್ಲಿ, ತರಕಾರಿ ಹೆಚ್ಚುವಾಗ ಅದೇ ಯೋಚನೆ. ನಾವು ಮೊಳಕೆ ಉದ್ದ ಬಂದಷ್ಟೂ ಒಳ್ಳೆಯದೆಂದು ಕಾಯುತ್ತಿದ್ದೆವು, ಆ ಕಾಯುವಿಕೆಯಲ್ಲೇ ಬೂಷ್ಟು ಬರುತ್ತಿತ್ತು. ಅಷ್ಟು ಕಾಯಲೇಬೇಕೆ? ಸಂಜೆ ಬಾಣಂತಿ ಕೋಣೆಯಲ್ಲಿ ಕೂತು ಅಕೆಲ್ಲೊ ಜೊತೆ ಚರ್ಚೆ ಮಾಡುತ್ತಿದ್ದೆ. ಅವಳು ಮಗುವಿಗೆ ಹಾಲೂಡುತ್ತ, "ಬಿಳಿ ಮೂತಿ ಹೊರಗೆ ಬಂದ ಕೂಡಲೇ ನಿಲ್ಲಿಸಿ ನೋಡು. ಬಿಸಿಲಿಗೆ ಕಾಯಬೇಡ, ನೇರ ಒಲೆಗೆ ಹಾಕು, ಆದರೆ ಉರಿ ಬಹಳ ಸಣ್ಣಗಿರಲಿ" ಅಂದಳು. ಉರಿ ಎಷ್ಟು ಸಣ್ಣಗೆ ಎಂಬುದು ನನ್ನ ಪಾಲಿಗೆ ಬಂತು. ಹೆಚ್ಚಾದರೆ ಗಂಜಿಯನ್ನು ತೆಳ್ಳಗೆ ಮಾಡುವ ಶಕ್ತಿಯೇ ಸತ್ತುಹೋಗುತ್ತದೆ, ಕಡಿಮೆಯಾದರೆ ಬೂಷ್ಟು. ಎಷ್ಟೋ ತಟ್ಟೆ ಸೀದುಹೋದವು. ಅಕ್ಟೋಬರಿನ ಮಳೆ ಬಿಡದೆ ಸುರಿಯುತ್ತಿತ್ತು, ಈ ಸಲ ಅದು ನಿಲ್ಲಬಾರದೆಂದು ನಾನೇ ಹಾರೈಸುತ್ತಿದ್ದೆ.

ಕೊನೆಗೆ ಒಂದು ತಟ್ಟೆ ಶುಭ್ರವಾಗಿ ಬಂತು. ಮಾರನೇ ವಾರದ್ದೂ ಹಾಗೇ. ಅದರ ಮುಂದಿನದೂ. ಬೂಷ್ಟಿನ ವಿಷಕ್ಕೆ ಪರೀಕ್ಷೆ ಮಾಡಿಸಿದೆ, ಇರಲಿಲ್ಲ. ಆ ಹಿಟ್ಟನ್ನು ಪೊಟ್ಟಣ ಕಟ್ಟಿಕೊಂಡು ಕೊಡೆಯನ್ನೂ ಮರೆತು ಮನೆಗೆ ಓಡಿದೆ. ಅತ್ತೆಯ ಒಲೆಯಲ್ಲೇ ಗಂಜಿ ಕಾಯಿಸಿ ಲೋಟಕ್ಕೆ ಬಗ್ಗಿಸಿ ಮಹಡಿಗೆ ಒಯ್ದೆ. ಅಕೆಲ್ಲೊ ಲೋಟ ವಾ‍ಲಿಸಿದಳು. ಗಂಜಿ ಮಜ್ಜಿಗೆಯ ಹಾಗೆ ಸರಾಗವಾಗಿ ಹರಿಯಿತು.

"ಎಷ್ಟು ಹಿಟ್ಟು ಹಾಕಿದೀಯೇ?" ಎಂದರು ಹಿಂದೆಯೇ ಬಂದಿದ್ದ ಅತ್ತೆ.

"ನೀವು ಹಾಕೋದರ ಎರಡರಷ್ಟು."

"ಎರಡರಷ್ಟಾ? ಇಷ್ಟು ತೆಳ್ಳಗೈತಲ್ಲೇ!" ಅವರು ಬೆರಳದ್ದಿ ರುಚಿ ನೋಡಿದರು. "ಸಿಹಿಯಾಗೂ ಐತೆ."

ಅಕೆಲ್ಲೊ ಎದ್ದು ನಿಂತು ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು. ಅವಳ ಮೈಯಿಂದ ಸಾಂಬ್ರಾಣಿ, ಬೆಳ್ಳುಳ್ಳಿ ಘಮ್ಮೆನ್ನುತ್ತಿತ್ತು, ಪಕ್ಕಾ ನಮ್ಮೂರ ಬಾಣಂತಿಯ ಹಾಗೆ. ಪ್ರಬಂಧದಲ್ಲಿ ನನ್ನ ಹೆಸರೂ ಇರಬೇಕೆಂದು ಮರುದಿನವೇ ಮೇಡಂಗೆ ಹೇಳಿಕಳಿಸಿದಳು. ಮೇಡಂ, "ಅದನ್ನ ಇವಳು ಹೇಳಬೇಕಾ?" ಎಂದು ಪಿಎಚ್.ಡಿ.ಯ ಹೊಸ ಅರ್ಜಿಯನ್ನು ನನ್ನ ಮುಂದೆ ಇಟ್ಟರು. ಮಹದೇವರಿಗೆ ಹೇಳಿದಾಗ ಅವರು, "ಬಿಟ್ಟಿದ್ದು ಯಾಕೆ ಅಂತ ನಾನು ಅವತ್ತೂ ಕೇಳಿದ್ದೆ. ನೀನು ಹೇಳ್ಲಿಲ್ಲ" ಅಂದರು. ನನಗೇ ಗೊತ್ತಿರಲಿಲ್ಲ, ಏನು ಹೇಳಲಿ? ಯಾರೂ ಬಿಡು ಅಂದಿರಲಿಲ್ಲ, ಮಾಡು ಅಂತಲೂ ಅಂದಿರಲಿಲ್ಲ. ಅರ್ಜಿ ತುಂಬಿದೆ.

ಮುಂದಿನ ಏಪ್ರಿಲ್‌ನಲ್ಲಿ ಅಕೆಲ್ಲೊ ಕೆಲಸ ಮುಗಿಸಿ ಹೊರಟಳು. ಮಗುವಿಗೆ ಆರು ತಿಂಗಳು ದಾಟಿತ್ತು, ನಮ್ಮ ಗಂಜಿಯನ್ನೇ ಉಣ್ಣುತ್ತಿತ್ತು. ಬೆಂಗಳೂರಿಗೆ ಹೋಗುವ ಟ್ಯಾಕ್ಸಿ ಗೇಟಿಗೆ ಬಂದಾಗ ಅತ್ತೆ ಅಳಲಿಲ್ಲ. ಮಗುವಿನ ಕೆನ್ನೆ ಹಿಂಡಿ, "ಅಗೀಬೇಡ, ನುಂಗು" ಎಂದು ಅದಕ್ಕೂ ಹೇಳಿದರು. ಆಮೇಲೆ ಮಹಡಿ ರೂಮನ್ನು ಬೇರೆ ಯಾರಿಗೂ ಕೊಡಲಿಲ್ಲ.

ಅಕೆಲ್ಲೊ ತನ್ನ ಕಾಲೇಜಿನಲ್ಲಿ ವಿಭಾಗ ಕಟ್ಟಿದಳು. ಕಾಯುತ್ತಿದ್ದ ಆ ಇಬ್ಬರು ಹುಡುಗಿಯರಿಗೂ ಫೆಲೋಶಿಪ್ ಸಿಕ್ಕಿತು, ಒಬ್ಬಳು ಬ್ರೆಜಿಲ್‌ಗೆ, ಒಬ್ಬಳು ನಮ್ಮ ಲ್ಯಾಬಿಗೇ ಬಂದಳು. ನನಗೆ ಮಗ ಹುಟ್ಟಿದ, ಪಿಎಚ್.ಡಿ. ಮುಗಿಯಿತು. ಆ ಮೇಲೆ ನನಗೂ ಅಂಥದೇ ಒಂದು ಫೆಲೋಶಿಪ್ ಬಂತು, ಎಂಟು ತಿಂಗಳು, ಅಕೆಲ್ಲೊಳ ಕಾಲೇಜಿನಲ್ಲಿ. ನೆಂಟರು ಮೂಗು ಮುರಿದರು. ಎಲ್ಲರೂ ಅಮೆರಿಕಾಕ್ಕೆ ಹೋದರೆ ಇವಳು ಆಫ್ರಿಕಾಕ್ಕೆ ಹೊರಟಿದಾಳೆ ಅಂದರು. ಅವರ ಮಾತು ನನಗೆ ತಾಗಲಿಲ್ಲ, ಕಾಡಿದ್ದು ಮೂರು ವರ್ಷದ ಮಗನ ಯೋಚನೆ. ಬಿಟ್ಟು ಹೋಗಲಾರೆ, ಕರೆದೊಯ್ದರೆ ನಾನು ಕೆಲಸಕ್ಕೆ ಹೋದಾಗ ನೋಡಿಕೊಳ್ಳುವವರಿಲ್ಲ. ಒಂದು ವಾರ ಹೀಗೇ ಒದ್ದಾಡಿ, ಬೇಡವೆಂದು ಬರೆದುಬಿಡುತ್ತೇನೆ ಎಂದು ಊಟಕ್ಕೆ ಕೂತಾಗ ಹೇಳಿದೆ.

ಅತ್ತೆ ಮಹದೇವರ ತಟ್ಟೆಗೆ ಮುದ್ದೆ ಇಡುತ್ತಿದ್ದವರು ನಿಂತರು. "ಯಾಕೆ ಬೇಡ? ನಾನೂ ಬತ್ತೀನಿ. ಮಗೂನ ನಾನು ನೋಡ್ಕೊತೀನಿ, ನೀನು ಕೆಲ್ಸ ನೋಡ್ಕೊ."

"ನೀವು ವಿಮಾನ ಹತ್ತುತೀರಾ ಅತ್ತೆ?"

"ಅವ್ಳು ಹೊಟ್ಟೇಲಿ ಮಗು ಇಟ್ಕೊಂಡು ಹತ್ತಿ ಬರ್ಲಿಲ್ವಾ?"

ಮಹದೇವ ತಲೆ ಬಗ್ಗಿಸಿ ನಗುತ್ತ, "ನಂಗೆ ಎಂಟು ತಿಂಗಳು ಮಿಲಿಟರಿ ಹೋಟೆಲೇ ಗತಿ ಅನ್ನಿ" ಅಂದರು.

ಅತ್ತೆ ಅಲ್ಲಿಯವರೆಗೆ ಶ್ರೀಶೈಲ ಬಿಟ್ಟರೆ ದೂರ ಎಲ್ಲೂ ಹೋದವರಲ್ಲ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾಯಿತು. ಕೆಲವು ವಾರಗಳ ಮೇಲೆ ವಿಚಾರಣೆಗೆಂದು ಠಾಣೆಯಿಂದ ಒಬ್ಬ ಕಾನ್‌ಸ್ಟೇಬಲ್ ಬಂದರು. ಅತ್ತೆ ಆಗಷ್ಟೇ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ ಜಗುಲಿಯಲ್ಲಿ ಕೂತಿದ್ದರು. ಕಾಫಿ ಕುಡಿಯುತ್ತ ಆತ ಹೆಸರು, ವಯಸ್ಸು, ಎಷ್ಟು ವರ್ಷದಿಂದ ಈ ಮನೆಯಲ್ಲಿದ್ದೀರಿ ಎಂದೆಲ್ಲ ಕೇಳಿ ಬರೆದುಕೊಂಡರು. ಕೊನೆಗೆ ಕುತೂಹಲ ತಡೆಯಲಿಲ್ಲ.

"ಅಲ್ಲ ಅಜ್ಜಿ, ಈ ವಯಸ್ಸಲ್ಲಿ ಆಫ್ರಿಕಾಕ್ಕೆ ಹೊರಟಿದೀರಲ್ಲ, ಅಲ್ಲಿ ನಿಮ್ಮೋರು ಯಾರವ್ರೆ?"

"ಮೊಮ್ಮಗಳು ಅವ್ಳೆ. ಈಗ ಸ್ಕೂಲಿಗೆ ಹೋಯ್ತಾಳೆ."

"ಓ, ಮಗಳನ್ನ ಅಲ್ಲಿಗೆ ಮದುವೆ ಮಾಡಿ ಕೊಟ್ಟಿದೀರಾ?"

"ಇಲ್ಲ ಕಣಪ್ಪ. ಅವ್ಳು ಅಲ್ಲಿಯೋಳೇ."

ಕಾನ್‌ಸ್ಟೇಬಲ್ ಪೆನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಏನ್ ಬರ್ಕೊಳ್ಲಿ ಮೇಡಂ?" ಅಂದರು.

"ಅವರು ಹೇಳಿದ್ದನ್ನೇ ಬರ್ಕೊಳಿ ಸಾರ್" ಎಂದೆ. "ಆ ಮಗು ಹುಟ್ಟಿದ್ದು ಇಲ್ಲೇ, ಮೈಸೂರಲ್ಲಿ. ಬಾಣಂತನ ಮಾಡಿದ್ದೂ ಇವರೇ."